ಉಗುಳುಬಟ್ಟಲಿನ ಎರಡು ಕೆಂಪು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಅಡಿಕೆ ಸುಲಿಯುವ ಒಂದು ಹಂಗಾಮಿನಲ್ಲಿ, ಹೊನ್ನಾಳಿ ಮತ್ತು ಚನ್ನಗಿರಿ ಸೀಮೆಯಲ್ಲಿ ಹಬ್ಬಿದ ಫ್ಲೂ ಜ್ವರದ ಬಗ್ಗೆ ಇಂದಿಗೂ ಎರಡು ಮಾತು ಚಾಲ್ತಿಯಲ್ಲಿವೆ. ಒಂದು ಊರಿನವರದು: ಜಗಳೂರು ಕಡೆಯಿಂದ ಕೂಲಿಗೆ ಬಂದವರು ಜ್ವರ ತಂದರು, ಆಸ್ಪತ್ರೆಗೆ ತಡವಾಗಿ ಬಂದರು, ಸತ್ತರು. ಇನ್ನೊಂದು ಆಸ್ಪತ್ರೆಯವರದು: ಅದು ವೈರಸ್ಸು, ವೈರಸ್ಸಿಗೆ ಮದ್ದಿಲ್ಲ, ಆದ್ದರಿಂದ ಸತ್ತರು. ಎರಡೂ ಕೇಳುವುದಕ್ಕೆ ಸರಾಗವಾಗಿವೆ. ಎರಡರಲ್ಲೂ ಹೇಳುವವನ ಮೇಲೆ ಯಾವ ಹೊಣೆಯೂ ಬೀಳುವುದಿಲ್ಲ; ಅವು ಇಷ್ಟು ಕಾಲ ಬಾಳಿರುವುದಕ್ಕೆ ಅದೇ ಕಾರಣವಿರಬೇಕು. ಆ ಹಂಗಾಮಿನಲ್ಲಿ ನಾನು ಆ ಆಸ್ಪತ್ರೆಯ ಪ್ರಯೋಗಾಲಯದಲ್ಲಿದ್ದೆ. ಎರಡನ್ನೂ ನಾನು ಒಪ್ಪುವುದಿಲ್ಲ.

ಆಸ್ಪತ್ರೆಯ ಹೆಸರು ಬೇಡ. ಹೊನ್ನಾಳಿಗೂ ನ್ಯಾಮತಿಗೂ ನಡುವೆ, ಅಡಿಕೆ ಮಂಡಿಯ ವರ್ತಕರು ಸೇರಿ ಕಟ್ಟಿಸಿದ್ದ ಧರ್ಮಾಸ್ಪತ್ರೆ ಅದು. ಈಗ ಆ ಜಾಗದಲ್ಲಿ ಗೋದಾಮು ನಿಂತಿದೆ. ಮನೆಗೆ ಬಂದವರಿಗೆ ಎಲೆ ಅಡಿಕೆ ಕೊಡುವುದು ಈ ಸೀಮೆಯ ಮರ್ಯಾದೆ. ವರ್ತಕರು ಅದೇ ಮರ್ಯಾದೆಯನ್ನು ಆಸ್ಪತ್ರೆಯೊಳಕ್ಕೂ ತಂದಿದ್ದರು. ವಾರ್ಡಿನ ನಡುವೆ ಒಂದು ಸ್ಟೂಲು, ಅದರ ಮೇಲೆ ಅಗಲವಾದ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ವೀಳ್ಯದೆಲೆ, ಒಡೆದ ಅಡಿಕೆ, ಸುಣ್ಣದ ಡಬ್ಬಿ. ಬೆಳಿಗ್ಗೆಯೂ ಮಧ್ಯಾಹ್ನವೂ ಮಂಡಿಯಿಂದ ಆಳು ಬಂದು ಅದನ್ನು ತುಂಬಿ ಹೋಗುತ್ತಿದ್ದ. ರೋಗಿಗಳು ಹಾಕುತ್ತಿದ್ದರು, ರೋಗಿಗಳ ಕಡೆಯವರು ಹಾಕುತ್ತಿದ್ದರು, ನೋಡಲು ಬಂದವರೂ ಹಾಕುತ್ತಿದ್ದರು. ಪ್ರತಿ ಮಂಚದ ಕೆಳಗೂ ಕಫ ಉಗುಳಲು ಮುಚ್ಚಳವಿದ್ದ ಬಿಳಿ ಎನಾಮಲ್ ಬಟ್ಟಲು ಇರುತ್ತಿತ್ತು. ಮುಚ್ಚಳ ಎತ್ತಿದರೆ ಎಲ್ಲ ಬಟ್ಟಲೂ ಕೆಂಪು.

ನಾನು ಶಾಲೆಯಲ್ಲಿ ಓದಿದ್ದು ಕಡಿಮೆ. ಸೂಳೆಕೆರೆಯ ಸುತ್ತಿನ ಹಳ್ಳಿಗಳಲ್ಲಿ ಮಲೇರಿಯಾದ ರಕ್ತಲೇಪ ನೋಡುತ್ತ ಸೂಕ್ಷ್ಮದರ್ಶಕ ಕಲಿತವನು. ಉಳಿದದ್ದನ್ನು ದಾವಣಗೆರೆಯ ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡ, ರಟ್ಟು ಕಿತ್ತ ವೈದ್ಯಗ್ರಂಥಗಳಿಂದ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ತಿಳಿದೆ. ಹಾಗೆ ಕಲಿತವನಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ: ಯಾರು ಹೇಳಿದರು ಎಂಬುದನ್ನು ಬಿಟ್ಟು, ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳುವುದು. ಅದರಿಂದ ನನಗೆ ಮಿತ್ರರು ಕಡಿಮೆ. ಅದಕ್ಕಾಗಿ ನಾನು ವಿಷಾದಪಟ್ಟಿಲ್ಲ.

ಜ್ವರ ಮೊದಲು ಕಾಣಿಸಿದ್ದು ಅಡಿಕೆ ಸುಲಿಯುವ ಗುಂಪುಗಳಲ್ಲಿ. ಒಂದೇ ಚಪ್ಪರದಡಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂರುವವರು. ಒಬ್ಬರು ಕೆಮ್ಮಿದರೆ ಸಾಲು ಪೂರ್ತಿ ಮಲಗುತ್ತಿತ್ತು. ಆಸ್ಪತ್ರೆ ತುಂಬಿಹೋಯಿತು. ನಡುವೆ ಒಂದು ಪರದೆ ಕಟ್ಟಿ, ಗಂಡಸರನ್ನೂ ಹೆಂಗಸರನ್ನೂ ಒಂದೇ ಹಜಾರದಲ್ಲಿ ಮಲಗಿಸಬೇಕಾಯಿತು. ಬಹುಪಾಲು ಜನ ಮೈಕೈ ನೋವು, ಒಣಕೆಮ್ಮು, ಸುಡುವ ಜ್ವರದಲ್ಲಿ ನರಳಿ, ಗಂಜಿ ಕುಡಿದು, ಎದ್ದು ಹೋದರು. ಅವರ ವಿಷಯದಲ್ಲಿ ನನಗೆ ತಕರಾರಿಲ್ಲ. ತಕರಾರು ಇರುವುದು ಉಳಿದವರ ವಿಷಯದಲ್ಲಿ. ಅವರಿಗೂ ಜ್ವರ ಇಳಿಯುತ್ತಿತ್ತು. ಎದ್ದು ಕೂತು ಮನೆಗೆ ಹೋಗುವ ಮಾತಾಡುತ್ತಿದ್ದರು. ಆಮೇಲೆ ಇದ್ದಕ್ಕಿದ್ದಂತೆ ಹಲ್ಲು ಕಟಕಟಿಸುವ ಚಳಿ, ಪಕ್ಕೆಯಲ್ಲಿ ಚುಚ್ಚು ನೋವು, ಮತ್ತೆ ಜ್ವರ. ಬೆಳಗಿನ ಸುತ್ತಿನಲ್ಲಿ ಡಾಕ್ಟರು ಅದನ್ನು 'ಫ್ಲೂ ಮರುಕಳಿಸಿದೆ' ಎನ್ನುತ್ತಿದ್ದರು.

ಡಾಕ್ಟರು ಕೆಟ್ಟವರಲ್ಲ. ಓದು ಮುಗಿಸಿ ಬಂದ ತರುಣ, ಕಾಯಂ ಆಗದ ನೌಕರಿ, ಹಜಾರದ ತುಂಬ ರೋಗಿಗಳು. ಅವರ ಕೈ ಕಟ್ಟಿದ್ದದ್ದು ಒಂದು ಸುತ್ತೋಲೆ. ಫ್ಲೂ ವೈರಸ್ಸಿನಿಂದ ಬರುವ ರೋಗ, ಅದಕ್ಕೆ ಪೆನಿಸಿಲಿನ್ ನಾಟುವುದಿಲ್ಲ, ಇರುವ ದಾಸ್ತಾನನ್ನು ಪೋಲು ಮಾಡಬೇಡಿ ಎಂದು ಮೇಲಿನಿಂದ ಬಂದಿತ್ತು. ಅದರಲ್ಲಿ ತಪ್ಪು ಒಂದಕ್ಷರವೂ ಇರಲಿಲ್ಲ. ಆದರೆ ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು, ಮಂಡಿಯ ದೊಡ್ಡ ವರ್ತಕರು, ಆ ಕಾಗದವನ್ನು ಓದಿದ ದಿನವೇ ಔಷಧಿಯ ಬೀರುವಿಗೆ ಬೀಗ ಹಾಕಿಸಿ ಕೀಲಿಯನ್ನು ತಮ್ಮ ಉಡಿದಾರಕ್ಕೆ ಸಿಕ್ಕಿಸಿಕೊಂಡರು. ಫ್ಲೂ ಎಂದು ಬರೆದ ರೋಗಿಗೆ ಅವರ ಒಪ್ಪಿಗೆಯಿಲ್ಲದೆ ಪೆನಿಸಿಲಿನ್ ಇಲ್ಲ. ರೋಗ ಯಾವುದೆಂದು ನೋಡಿ ಮದ್ದು ಕೊಡುವುದು ನಾನು ಓದಿದ ಕ್ರಮ. ಇಲ್ಲಿ ಕೀಲಿ ಎಲ್ಲಿದೆ ಎಂಬುದರ ಮೇಲೆ ರೋಗ ಯಾವುದೆಂದು ನಿರ್ಧಾರವಾಗುತ್ತಿತ್ತು.

ಕಫ ಪರೀಕ್ಷೆ ನನ್ನ ಕೆಲಸ. ಆದರೆ ಆ ಬಟ್ಟಲುಗಳಿಂದ ತೆಗೆದ ಲೇಪದಲ್ಲಿ ಏನು ಕಾಣುತ್ತದೆ? ಸುಣ್ಣದ ಹರಳು, ಎಲೆಯ ನಾರು, ಅಡಿಕೆಯ ತೊಗರು ಕಟ್ಟಿದ ಕಂದು ಕಲೆ, ಬಾಯೊಳಗೆ ಸದಾ ಇರುವ ನೂರು ಬಗೆಯ ಅಣುಜೀವಿಗಳ ಸಂತೆ. ಶ್ವಾಸಕೋಶದಿಂದ ಬಂದದ್ದು ಯಾವುದು, ತಟ್ಟೆಯಿಂದ ಬಂದದ್ದು ಯಾವುದು ಎಂದು ಹೇಳಲು ಸಾಧ್ಯವಿರಲಿಲ್ಲ. 'ಪರೀಕ್ಷೆಗೆ ಯೋಗ್ಯವಲ್ಲ' ಎಂದು ಬರೆದು ಹಿಂತಿರುಗಿಸುತ್ತಿದ್ದೆ. ತಟ್ಟೆಯನ್ನು ವಾರ್ಡಿನಿಂದ ತೆಗೆಯಬೇಕೆಂದು ಹಿರಿಯ ನರ್ಸಿಗೆ ಹೇಳಿದೆ.

"ತಟ್ಟೆ ತೆಗೆದ್ರೆ ಅಧ್ಯಕ್ಷರು ನನ್ನನ್ನ ತೆಗೀತಾರೆ," ಎಂದರು ಆಕೆ. "ನೀವು ಬೇಕಾದ್ರೆ ಅವ್ರಿಗೇ ಹೇಳ್ರಿ. ನಿಮಗೇನು, ಹೆಂಡ್ತಿ ಮಕ್ಕಳಿಲ್ಲ, ಜಗಳಾಡಾಕೆ ಪುರುಸೊತ್ತು ಐತೆ."

ಆ ದಿನಗಳಲ್ಲಿ ತ್ಯಾವಣಿಗೆ ಕಡೆಯ ಒಬ್ಬ ಗಾಡಿ ಹೊಡೆಯುವಾತ ನಮ್ಮಲ್ಲಿ ಮಲಗಿದ್ದ. ಅಡಿಕೆ ಮೂಟೆ ಸಾಗಿಸಲು ಬಂದು ಜ್ವರ ಹಿಡಿಸಿಕೊಂಡವನು. ಸಂಕೋಚದ, ನಗೆಮುಖದ ಮನುಷ್ಯ. ಮಂಡಿಯ ಆಳು ತಟ್ಟೆ ತಂದಾಗಲೆಲ್ಲ, ಬೇಡ ಎಂದರೆ ಕೊಟ್ಟವರಿಗೆ ಅವಮಾನವೆಂದು, ಬೇಕಿಲ್ಲದಿದ್ದರೂ ಒಂದು ಹೋಳು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಪರದೆಯ ಆಚೆಗಿದ್ದ ಹೆಂಗಸರ ಜೊತೆ ಅವನ ತಮಾಷೆ ನಡೆಯುತ್ತಿತ್ತು. ಅಲ್ಲಿ ಜಗಳೂರು ಕಡೆಯ ಸುಲಿಯುವ ಗುಂಪಿನ ಮೇಸ್ತ್ರಿ, ಹರಿತ ನಾಲಿಗೆಯ ಒಬ್ಬ ಅಜ್ಜಿ, ತನ್ನ ಗುಂಪಿನ ಒಬ್ಬ ಹೆಂಗಸಿನ ಆರೈಕೆಗೆ ಕೂತಿದ್ದಳು.

"ನಾಳೆ ಹೋಗ್ತೀನಿ ಅಜ್ಜಿ," ಎಂದ ಅವನು ಒಂದು ಮಧ್ಯಾಹ್ನ. "ನನ್ನ ಎತ್ತು ಬ್ಯಾರೆ ಯಾರಿಗೂ ಬಗ್ಗಾಂಗಿಲ್ಲ."

"ನಿನಗಾದ್ರೂ ಬಗ್ತಾವೇನಪ್ಪಾ? ಗಾಡಿ ಮ್ಯಾಲೆ ನೀನು ನಿದ್ದಿ ಮಾಡ್ತಿರ್ತೀಯ, ಅವೇ ನಿನ್ನನ್ನ ಹೊಡ್ಕಂಡು ಬರ್ತಾವೆ."

ಹಜಾರವೆಲ್ಲ ನಕ್ಕಿತು. ಅವನು ಮರುದಿನ ಹೋಗಲಿಲ್ಲ. ಅಂದೇ ಸಂಜೆ ಚಳಿ ಹಿಡಿದಿತ್ತು. ಬೆಳಗಿನ ಸುತ್ತಿನಲ್ಲಿ ಡಾಕ್ಟರು ಅವನ ಬಟ್ಟಲಿನ ಮುಚ್ಚಳ ಎತ್ತಿದರು, ಕೆಂಪು, "ಎಲೆ ಅಡಿಕೆ" ಎಂದರು, ಮುಚ್ಚಿದರು. ಒಂದೆರಡು ದಿನ ಏದುಸಿರು ಬಿಟ್ಟು ಸತ್ತ. 'ಫ್ಲೂ' ಎಂದು ಬರೆಯಲಾಯಿತು. ಮಂಚಕ್ಕೆ ಇನ್ನೊಬ್ಬ ರೋಗಿ ಬೇಕಿದ್ದುದರಿಂದ ಬಟ್ಟಲನ್ನು ಕೂಡಲೇ ತೊಳೆದಿಟ್ಟರು.

ತಡವಾಗಿ ಬಂದು ಸತ್ತರು ಎನ್ನುವವರಿಗೆ ನಾನು ಕೇಳುವುದು ಇಷ್ಟೆ. ಎರಡನೆಯ ಜ್ವರ ಬಂದಾಗ ಆ ಮನುಷ್ಯ ವಾರ್ಡಿನೊಳಗೇ ಮಲಗಿದ್ದ. ಅವನು ಇನ್ನೆಷ್ಟು ಬೇಗ ಬರಬೇಕಿತ್ತು?

ಅಜ್ಜಿ ಆರೈಕೆ ಮಾಡುತ್ತಿದ್ದ ಹೆಂಗಸಿಗೂ ಅದೇ ಹಾದಿ ಹಿಡಿಯಿತು. ನಡುವಯಸ್ಸಿನವಳು. ಜ್ವರ ಬಂದ ದಿನವೇ ಆಸ್ಪತ್ರೆಗೆ ಬಂದವಳು, ಜ್ವರ ಇಳಿದು ಎದ್ದು ಕೂತವಳು, ಆಮೇಲೆ ಒಂದು ಬೆಳಿಗ್ಗೆ ಚಳಿಯಲ್ಲಿ ಮಂಚ ಅಲುಗುವಂತೆ ನಡುಗತೊಡಗಿದಳು. ಸುತ್ತು ಅವಳ ಮಂಚಕ್ಕೆ ಬಂದಾಗ, ಮಾದರಿ ಸಂಗ್ರಹಿಸಲು ಹೋಗಿದ್ದ ನಾನೂ ಪಕ್ಕದಲ್ಲಿದ್ದೆ. ಡಾಕ್ಟರು ಮುಚ್ಚಳ ಎತ್ತಿ ನೋಡಿ, "ಎಲೆ ಅಡಿಕೆ," ಎಂದರು.

"ನಾನು ಎಲಡಿಕೆ ಹಾಕ್ಕಣದಿಲ್ರೀ," ಎಂದಳು ಅವಳು, ಎರಡು ಉಸಿರಿನ ನಡುವೆ.

"ಎಲ್ಲಾರೂ ಹಂಗೇ ಅಂತಾರೆ," ಎಂದರು ಹಿರಿಯ ನರ್ಸು. "ಯಾರೂ ಬಯ್ಯಲ್ಲ, ಹಾಕ್ಕಳಮ್ಮ. ತಟ್ಟೆ ಇಟ್ಟಿರೋದೇ ಅದಕ್ಕೆ."

ಅಜ್ಜಿ ಬಾಯಿ ಹಾಕಿದಳು. "ಸಿಸ್ಟರಮ್ಮಾರೇ, ಇವಳು ದಿನಾ ಮಂಕರಿಗಟ್ಟಲೆ ಅಡಿಕೆ ಸುಲಿತಾಳೆ, ಒಂದು ಚೂರು ಬಾಯಿಗೆ ಹಾಕಾಂಗಿಲ್ಲ. ಮಗಳ ಮಡಿಲು ತುಂಬೋತನಕ ಎಲಡಿಕೆ ಮುಟ್ಟಲ್ಲ ಅಂತ ಹರಕಿ ಹೊತ್ತಾಳೆ. ಇಂಥಾ ಆಳು ಸಿಕ್ಕಿದ್ದು ಸಾವ್ಕಾರ್ರ ಪುಣ್ಯ ಅಂತ ನಾವು ಆಡ್ಕತೀವಿ."

ಮತ್ತೆ ನಗು. ಸುತ್ತು ಮುಂದಿನ ಮಂಚಕ್ಕೆ ಹೋಯಿತು. ಒಬ್ಬ ಹೆಂಗಸು ತನ್ನ ಬಾಯಲ್ಲಿ ಏನಿದೆ, ಏನಿಲ್ಲ ಎಂದು ತಾನೇ ಹೇಳುತ್ತಿದ್ದಾಳೆ. ಅದನ್ನು ಕೇಳಿ ನಕ್ಕು ಮುಂದೆ ಹೋಗಲು ಎಷ್ಟು ಓದಿರಬೇಕು ಎಂದು ಆಗ ನನಗನ್ನಿಸಿದ್ದು ಈಗಲೂ ಹಾಗೇ ಅನಿಸುತ್ತದೆ.

ನಾನು ಅಲ್ಲೇ ನಿಂತೆ. "ಬಾಯಿ ತೆಗಿ ತಾಯಿ," ಎಂದೆ. ಹಲ್ಲಿನ ಸಂದಿಯಲ್ಲಿ ಹರಕೆಗೆ ಮೊದಲು ಎಲೆ ಅಡಿಕೆ ಹಾಕುತ್ತಿದ್ದ ಕಾಲದ ಕಪ್ಪು ಇತ್ತು. ನಾಲಿಗೆ, ಒಸಡು, ತುಟಿಯ ಒಳಭಾಗ, ಎಲ್ಲಿಯೂ ಕೆಂಪಿರಲಿಲ್ಲ. ದಿನಕ್ಕೆರಡು ಬಾರಿ ಅವಳ ನಾಲಿಗೆಯ ಕೆಳಗೆ ಥರ್ಮಾಮೀಟರು ಇಡುತ್ತಿದ್ದರು. ಗಾಜಿನ ಕಡ್ಡಿ ನೋಡಿದವರು ಬಾಯಿ ನೋಡಿರಲಿಲ್ಲ.

ಬಟ್ಟಲನ್ನು ಪ್ರಯೋಗಾಲಯಕ್ಕೆ ತಂದೆ. ಬೆಳಕಿಗೆ ಹಿಡಿದು ನೋಡಿದರೆ ಅದು ಕೆಂಪೂ ಅಲ್ಲ; ಮಳೆಯಲ್ಲಿ ಬಿಟ್ಟ ಕಬ್ಬಿಣದ ತುಕ್ಕಿನ ಬಣ್ಣ, ಅಂಟು ಅಂಟು. ನನ್ನ ಹರಕು ಪುಸ್ತಕಗಳಲ್ಲಿ ಆ ತುಕ್ಕಿನ ವರ್ಣನೆಯನ್ನು ಹಲವು ಸಲ ಓದಿದ್ದೆ. ನ್ಯುಮೋನಿಯಾದ ಹಳೆಯ ಗುರುತು ಅದು. ಎಲೆ ಅಡಿಕೆಯ ನಾಡಿನಲ್ಲಿ ಮಾತ್ರ ಆ ಗುರುತು ಹೀಗೆ ಕಣ್ಣೆದುರೇ ಕಳೆದುಹೋಗಲು ಸಾಧ್ಯ. ಇನ್ನೊಂದು ವಿಷಯ ಈ ಸೀಮೆಯ ಯಾರಿಗೂ ಗೊತ್ತು: ತಾಂಬೂಲದ ಕೆಂಪು ಹುಟ್ಟುವುದು ಸುಣ್ಣ ಸೇರಿದಾಗ, ಹುಳಿ ತಾಗಿದರೆ ಅದು ಸೋಲುತ್ತದೆ. ಪಂಚೆಯ ಮೇಲೆ ಬಿದ್ದ ರಸಕ್ಕೆ ಎಲ್ಲರ ಮನೆಯಲ್ಲೂ ನಿಂಬೆಹಣ್ಣು ಉಜ್ಜುತ್ತಾರೆ. ಅಡುಗೆಮನೆಯಿಂದ ಒಂದು ನಿಂಬೆ ತರಿಸಿ, ಎರಡು ಗಾಜಿನ ಬಿಲ್ಲೆಗಳ ಮೇಲೆ ಹಿಂಡಿದೆ. ಒಂದರಲ್ಲಿ ಪಕ್ಕದ ಮಂಚದ ತಾಂಬೂಲದ ಉಗುಳು. ಅದು ಕಣ್ಣೆದುರೇ ಹಳದಿಗೆ ತಿರುಗಿತು. ಇನ್ನೊಂದರಲ್ಲಿ ಇವಳ ಕಫ. ಅದು ಇನ್ನಷ್ಟು ಕಂದಾಯಿತು, ಹಳದಿಗೆ ತಿರುಗಲಿಲ್ಲ. ಇದು ಯಾವ ಪುಸ್ತಕದ ಪರೀಕ್ಷೆಯೂ ಅಲ್ಲ. ಬಟ್ಟಲುಗಳನ್ನು ಬೇರ್ಪಡಿಸಲು ಸಾಕು, ರೋಗ ಹೇಳಲು ಸಾಲದು.

ರೋಗ ಹೇಳಲು ಲೇಪ ಹಾಕಿದೆ. ಜ್ವಾಲೆಯ ಮೇಲೆ ಒಣಗಿಸಿ, ನೇರಳೆ ಬಣ್ಣ, ಅಯೋಡಿನ್, ಸ್ಪಿರಿಟ್ಟಿನ ತೊಳೆತ, ಕೊನೆಗೆ ತೆಳು ಕೆಂಪು. ಎಣ್ಣೆಯ ಮಸೂರದ ಕೆಳಗೆ ಕೀವಿನ ಕಣಗಳು ತುಂಬಿದ್ದವು. ಅವುಗಳ ನಡುವೆ ನೇರಳೆ ಬಣ್ಣದ ಜೋಡಿ ಕಾಳುಗಳು, ಒಂದೊಂದೂ ಭತ್ತದಂತೆ ತುದಿ ಚೂಪು, ಪ್ರತಿ ಜೋಡಿಯ ಸುತ್ತ ಬಣ್ಣ ಹಿಡಿಯದ ತೆಳು ಪ್ರಭೆ. ನಾರಿಲ್ಲ, ಸುಣ್ಣವಿಲ್ಲ. ಪುಸ್ತಕದಲ್ಲಿ ಚಿತ್ರ ನೋಡಿದ್ದ ನ್ಯುಮೋನಿಯಾದ ರೋಗಾಣುಗಳೇ ಅವು.

ಡಾಕ್ಟರನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಇವು ಆರೋಗ್ಯವಂತರ ಗಂಟಲಲ್ಲೂ ಇರ್ತವಲ್ರೀ," ಎಂದರು.

"ಇರ್ತವೆ ಸರ್. ಇಷ್ಟು ಕೀವಿನ ಜೊತೆ ಇರ್ತವೇನು? ಬಾಯಿಯ ಚರ್ಮದ ಕಣ ಒಂದಾದ್ರೂ ಕಾಣ್ತದೇನು ನೋಡಿ. ಇದು ಬಾಯಿಂದ ಬಂದದ್ದಲ್ಲ, ಎದೆಯಿಂದ ಬಂದದ್ದು."

ಅವರ ಆಕ್ಷೇಪ ನ್ಯಾಯವಾದದ್ದು. ಉತ್ತರವನ್ನು ಸ್ವೀಕರಿಸಿದ ರೀತಿಯೂ ಅಷ್ಟೇ ನ್ಯಾಯವಾದದ್ದು. ನೇರ ಹೋಗಿ ಅವಳ ಬೆನ್ನಿಗೆ ಕೊಳವೆ ಇಟ್ಟು ಕೇಳಿದರು, ಬಲಗಡೆಯ ಬುಡದಲ್ಲಿ ಬೆರಳು ತಟ್ಟಿ ನೋಡಿದರು. ಎದ್ದಾಗ ಅವರ ಮುಖ ಬದಲಾಗಿತ್ತು. "ಫ್ಲೂ ಬಾಗಿಲು ತೆಗೆದಿದೆ, ಬೇರೆಯದು ಒಳಗೆ ನುಗ್ಗಿದೆ," ಎಂದರು. ಪೆನಿಸಿಲಿನ್ ಕೊಡಬೇಕೆಂದು ಚೀಟಿ ಬರೆದು ಮಂಡಿಗೆ ಕಳಿಸಿದರು. ಚೀಟಿ ಹಿಂತಿರುಗಿತು: ಫ್ಲೂ ರೋಗಿಗೆ ಪೆನಿಸಿಲಿನ್ ಕೊಡಬಾರದೆಂದು ಸುತ್ತೋಲೆಯಿದೆಯಲ್ಲ ಎಂದು ಅಧ್ಯಕ್ಷರು ಹೇಳಿಕಳಿಸಿದ್ದರು. ಡಾಕ್ಟರು ಕುರ್ಚಿಯಲ್ಲಿ ಕೂತರು. ಮೇಲಧಿಕಾರಿಗೆ ಬರೆಯುತ್ತೇನೆ, ಉತ್ತರ ಬರಲಿ ಎಂದರು. ಆ ಹೆಂಗಸಿನ ತುಟಿ ಆಗಲೇ ನೀಲಿಗೆ ತಿರುಗುತ್ತಿತ್ತು. ಉತ್ತರ ಬರುವವರೆಗೆ ಅವಳು ಇರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ನಾನು ಅವಳ ಬಟ್ಟಲಿಗೆ ಮುಚ್ಚಳ ಬಿಗಿದು ಬಟ್ಟೆ ಸುತ್ತಿದೆ. ಪಕ್ಕದ ಮಂಚದ ಬಟ್ಟಲನ್ನೂ ಹಾಗೇ ಸುತ್ತಿದೆ. ಉಳಿದ ನಿಂಬೆಯನ್ನು ಜೇಬಿಗೆ ಹಾಕಿಕೊಂಡು ರಸ್ತೆ ದಾಟಿ ಮಂಡಿಗೆ ನಡೆದೆ. ಯಾರೂ ಹೇಳಿ ಕಳಿಸಿರಲಿಲ್ಲ.

ಮಂಡಿಯಲ್ಲಿ ವ್ಯಾಪಾರದ ಹೊತ್ತು. ವರ್ತಕರು ಚಾಪೆಯ ಮೇಲೆ ಅಡಿಕೆ ರಾಶಿಗಳ ನಡುವೆ ಕೂತಿದ್ದರು. ಅಧ್ಯಕ್ಷರು ಒಂದು ರಾಶಿಯಿಂದ ಹಿಡಿ ತೆಗೆದು, ಬೆಳಕಿಗೆ ಹಿಡಿದು, ಬಣ್ಣ ನೋಡಿ ದರ ಕಟ್ಟುತ್ತಿದ್ದರು. ಆ ಸೀಮೆಯಲ್ಲಿ ಅಡಿಕೆಯ ಕೆಂಪನ್ನು ಅವರಷ್ಟು ಸೂಕ್ಷ್ಮವಾಗಿ ಓದುವವರು ಇನ್ನೊಬ್ಬರಿರಲಿಲ್ಲ. ನಾನು ನಂಬಿಕೊಂಡು ಹೋದದ್ದು ಅದೊಂದನ್ನೇ.

"ಏನಪ್ಪಾ, ನೀನೂ ಸುತ್ತೋಲೆ ತಂದ್ಯೇನು?" ಎಂದರು.

"ಇಲ್ರೀ. ಎರಡು ಬಣ್ಣ ತಂದೀನಿ. ಇದರಾಗೆ ಯಾವುದು ನಿಮ್ಮ ಅಡಿಕೆ ಅಂತ ಹೇಳ್ರಿ."

ಎರಡು ಬಟ್ಟಲನ್ನೂ ಅವರಿಂದ ಮಾರು ದೂರದಲ್ಲಿ ಕಲ್ಲಿನ ಕಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದೆ. ಒಬ್ಬ ವರ್ತಕರು ಮೂಗು ಮುಚ್ಚಿಕೊಂಡು ಎದ್ದರು. "ಥೂ, ಊಟದ ಹೊತ್ನಾಗೆ ಏನು ತಂದಿಟ್ಟೆ ಮಾರಾಯ?" ಎಂದರು ಇನ್ನೊಬ್ಬರು. ಅಧ್ಯಕ್ಷರು ಮಾತ್ರ ಬಗ್ಗಿ ನೋಡಿದರು. ಒಂದು ಬಟ್ಟಲಿನ ಮೇಲೆ ಕಣ್ಣು ನಿಂತಿತು, ಇನ್ನೊಂದಕ್ಕೆ ಹೋಯಿತು, ತಿರುಗಿ ಬಂತು. ನಾನು ಎರಡಕ್ಕೂ ನಿಂಬೆ ಹಿಂಡಿದೆ. ಒಂದು ಹಳದಿಗೆ ಇಳಿಯಿತು. ಇನ್ನೊಂದು ಇಳಿಯಲಿಲ್ಲ.

"ಇದು ಅಡಿಕೆ ಕೆಂಪಲ್ಲ," ಎಂದರು ಅವರು, ಸರಕು ತಿರಸ್ಕರಿಸುವ ಧ್ವನಿಯಲ್ಲಿ.

"ಅಲ್ಲ ಅಂತ ನಾನೂ ಹೇಳಾಕೆ ಬಂದಿದ್ದು. ಇದು ರಕ್ತ. ಎದೆ ಕೊಳೀತಾ ಐತೆ. ಇದನ್ನ ನಾವು ದಿನಾ ಬೆಳಿಗ್ಗೆ ನಿಮ್ಮ ಅಡಿಕೆ ಅಂತ ಮುಚ್ಚಿಡ್ತಾ ಇದ್ವಿ."

"ಯಾರದಿದು?"

"ನಿಮ್ಮ ಅಡಿಕೆ ಸುಲಿಯಾಕೆ ಬಂದ ಹೆಣ್ಮಗಳದು. ಅಡಿಕೆ ತಿನ್ನಾಂಗಿಲ್ಲ ಅವಳು."

ಅಧ್ಯಕ್ಷರು ಉಳಿದ ವರ್ತಕರ ಕಡೆ ನೋಡಿದರು, ನನ್ನ ಕಡೆ ನೋಡಿದರು. ಉಡಿದಾರದಿಂದ ಕೀಲಿ ಬಿಚ್ಚಿ ನನ್ನ ಕೈಗೆ ಕೊಡದೆ ಚಾಪೆಯ ಮೇಲೆ ಎಸೆದರು. "ಒಯ್ಯಿ. ಬಣ್ಣ ಗೊತ್ತಿಲ್ದೋನು ಅಂತ ನನ್ನನ್ನ ಯಾರೂ ಅನ್ನಬಾರದು," ಎಂದರು. ಒಬ್ಬ ಹೆಂಗಸಿನ ಉಸಿರು ನಿಲ್ಲುತ್ತಿದೆ ಎಂಬುದಕ್ಕೆ ಬಿಚ್ಚದ ಕೀಲಿ ಬಣ್ಣದ ಮಾನಕ್ಕೆ ಬಿಚ್ಚಿತು. ನಾನು ಬಗ್ಗಿ ಎತ್ತಿಕೊಂಡೆ. ಬಗ್ಗಿದ್ದಕ್ಕೆ ನನಗೆ ಬೇಸರವಿಲ್ಲ. ಬಗ್ಗಬೇಕಾದ ಏರ್ಪಾಟಿನ ಮೇಲೆ ಇವತ್ತಿಗೂ ಸಿಟ್ಟಿದೆ.

ಚರ್ಮದ ಮೇಲೆ ಪರೀಕ್ಷೆಯ ಹನಿ ಕೊಟ್ಟು, ದದ್ದು ಏಳುವುದಿಲ್ಲವೆಂದು ಖಚಿತಪಡಿಸಿಕೊಂಡು, ಡಾಕ್ಟರು ಮೊದಲ ಪೆನಿಸಿಲಿನ್ ಸೂಜಿ ತಾವೇ ಹಾಕಿದರು. ಜ್ವರ ಇಳಿಯಲಿಲ್ಲ. ಮುಂದಿನ ಸೂಜಿ, ಅದರ ಮುಂದಿನದು, ಇಳಿಯಲಿಲ್ಲ. ಅಧ್ಯಕ್ಷರು ಬಂದು ಬಾಗಿಲಲ್ಲಿ ನಿಂತು, "ಏನಾತು ನಿನ್ನ ನಿಂಬೆಹಣ್ಣು?" ಎಂದು ಕೇಳಿ ಹೋದರು. ಅಜ್ಜಿ ನನ್ನ ಜೊತೆ ಮಾತು ನಿಲ್ಲಿಸಿದಳು. ಹಿರಿಯ ನರ್ಸು ಮಾತ್ರ ಹೇಳಿಸಿಕೊಳ್ಳದೆ ಹೊತ್ತಿಗೆ ಸರಿಯಾಗಿ ಸಿರಿಂಜು ಕುದಿಸಿ ತರುತ್ತಿದ್ದರು.

ಕಾಯುವ ಆ ಹೊತ್ತಿನಲ್ಲಿ ನಾನು ಹಿತ್ತಾಳೆ ತಟ್ಟೆಯನ್ನು ಎತ್ತಿಕೊಂಡು ಹೋಗಿ ಹೊರಜಗುಲಿಯಲ್ಲಿಟ್ಟೆ. ಡಾಕ್ಟರು ನೋಡಿದರು, ಬೇಡ ಎನ್ನಲಿಲ್ಲ. ವಾರ್ಡಿನಲ್ಲಿ ಗಲಾಟೆಯಾಯಿತು.

"ಉಂಡಮ್ಯಾಲೆ ಎಲಡಿಕೆ ಇಲ್ಲ ಅಂದ್ರೆ ಇದೇನು ಆಸ್ಪತ್ರೆನೋ ಪೊಲೀಸ್ ಠಾಣೆನೋ?" ಎಂದ ಒಬ್ಬ ಮುದುಕ.

"ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಎದೆಯಿಂದ ಕೆಮ್ಮಿ ಬಟ್ಟಲಿಗೆ ಉಗುಳ್ರಿ. ಅದನ್ನ ನಾನು ತಗಂಡು ಹೋದಮ್ಯಾಲೆ ಜಗುಲಿಗೆ ಹೋಗಿ ಏನಾದ್ರೂ ಹಾಕ್ಕಳ್ರಿ. ಉಗುಳೋದೂ ಅಲ್ಲೇ."

"ನಮ್ಮ ಉಗುಳಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಇದೇ ಮೊದಲು ಬಿಡ್ರಿ," ಎಂದ ಅವನು. ಆದರೆ ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಾಯಿ ಮುಕ್ಕಳಿಸಿದವನೂ ಅವನೇ.

ಮೊದಲ ಬಾರಿಗೆ ಬಟ್ಟಲುಗಳು ಮಾತಾಡಿದವು. ಹೆಚ್ಚಿನವರದು ಬಿಳಿ ಲೋಳೆ. ಅವರಿಗೆ ಬರಿಯ ಫ್ಲೂ, ಸೂಜಿ ಬೇಡ, ಗಂಜಿ ಸಾಕು. ಸುತ್ತೋಲೆ ಹೇಳಿದ್ದು ಅವರ ವಿಷಯದಲ್ಲಿ ನಿಜವಾಗಿತ್ತು, ಅದನ್ನು ಡಾಕ್ಟರು ನನಗೆ ಒತ್ತಿ ಹೇಳಿದರು, ನಾನು ಒಪ್ಪಿದೆ. ಕೆಲವರದು ತುಕ್ಕು, ಅವರಿಗೆ ಪೆನಿಸಿಲಿನ್ ಆಯಿತು. ಚನ್ನಗಿರಿ ಕಡೆಯ ಒಬ್ಬ ಶಾಲಾ ಮಾ‌ಸ್ತರರ ಕಫದಲ್ಲಿ ಕ್ಷಯದ ಕೆಂಪು ಕಡ್ಡಿಗಳಿದ್ದವು. ಫ್ಲೂ ಕೆಮ್ಮಿನ ಹಿಂದೆ ಅದು ಎಂದಿನಿಂದಲೋ ಅಡಗಿತ್ತು. ಸೂಳೆಕೆರೆಯ ಒಬ್ಬ ಮೀನುಗಾರನದರಲ್ಲಿ ಜೋಡಿ ಕಾಳುಗಳಿರಲಿಲ್ಲ, ದ್ರಾಕ್ಷಿ ಗೊಂಚಲಿನಂತೆ ಗುಂಪುಗೂಡಿದ ಬೇರೆ ಜಾತಿಯಿತ್ತು. ಅದಕ್ಕೆ ನಮ್ಮ ಪೆನಿಸಿಲಿನ್ ನಾಟಲಿಲ್ಲ. ಜೀಪಿನಲ್ಲಿ ದಾವಣಗೆರೆಗೆ ಕಳಿಸಿದೆವು, ಅಲ್ಲಿ ತೀರಿಕೊಂಡ. ರೋಗವನ್ನು ಸರಿಯಾಗಿ ನೋಡಿದರೆ ಎಲ್ಲರೂ ಉಳಿಯುತ್ತಾರೆ ಎಂದು ನಾನು ಹೇಳುತ್ತಿಲ್ಲ. ಅವನು ಸತ್ತದ್ದು ಯಾವುದರಿಂದ ಎಂದು ನಮಗೆ ಗೊತ್ತಿತ್ತು, ಕೈಲಾದುದನ್ನು ಮಾಡಿಯೂ ಇದ್ದೆವು. ಗಾಡಿಯವನ ವಿಷಯದಲ್ಲಿ ಈ ಎರಡರಲ್ಲಿ ಒಂದನ್ನೂ ಹೇಳುವಂತಿಲ್ಲ.

ಬಟ್ಟಲುಗಳು ಮೊದಲು ಮಾತಾಡಿದ ಆ ಬೆಳಿಗ್ಗೆಯೇ ಜಗಳೂರಿನ ಹೆಂಗಸಿಗೆ ಮೈತುಂಬ ಬೆವರು ಒಡೆಯಿತು. ಸೀರೆ, ಹಾಸಿಗೆ ತೊಯ್ದು ಹೋದವು. ಅಜ್ಜಿ ಹೆದರಿ ಕೂಗಿದಳು. ಡಾಕ್ಟರು ಓಡಿ ಬಂದು ನಾಡಿ ಹಿಡಿದರು, ಹಣೆ ಮುಟ್ಟಿದರು, ತಣ್ಣಗಿತ್ತು. ಉಸಿರು ಸಾವಕಾಶವಾಗಿತ್ತು. ಮಧ್ಯಾಹ್ನದವರೆಗೆ ನಿದ್ದೆ ಮಾಡಿ ಎದ್ದವಳು ಗಂಜಿಯ ಲೋಟವನ್ನು ಅತ್ತ ಸರಿಸಿದಳು.

"ಇದು ಬ್ಯಾಡ. ರೊಟ್ಟಿ ಐತೇನ್ರೀ?"

"ಸಾಯಾಕೆ ಬಿದ್ದೋಳು ರೊಟ್ಟಿ ಕೇಳ್ತಾಳೆ ನೋಡು," ಎಂದಳು ಅಜ್ಜಿ. ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಎರಡು ದಿನದ ಮೌನ ಮುರಿದು, "ನೀವೂ ಉಣ್ಣೋಗ್ರಿ. ಮಾರಿ ನೋಡಿದ್ರೆ ನೀವೇ ರೋಗಿಯಂಗೆ ಕಾಣ್ತೀರಿ," ಎಂದಳು.

ಅದಾದ ಮೇಲೆ ನಾನು ಡಾಕ್ಟರ ಹತ್ತಿರ ಹೋಗಿ, ಮೊದಲು ಸತ್ತವರ ಎದುರು ಬರೆದಿರುವ 'ಫ್ಲೂ' ಎಂಬುದನ್ನು ತಿದ್ದಬೇಕೆಂದು ಕೇಳಿದೆ.

"ಏನನ್ನ ನೋಡಿ ತಿದ್ದಲಿ?" ಎಂದರು ಅವರು. ಕೋಪದಿಂದಲ್ಲ, ನಿಜವಾಗಿ ಕೇಳಿದರು.

ಬಟ್ಟಲುಗಳನ್ನು ತೊಳೆದಾಗಿತ್ತು. ಗಾಡಿಯವನು ಎರಡನೆಯ ರೋಗದಿಂದ ಸತ್ತ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಫ್ಲೂನಿಂದ ಸತ್ತ ಎಂದು ಬರೆದವರೂ ಪ್ರಮಾಣ ಮಾಡಲಾರರು. ಗೊತ್ತಿಲ್ಲ ಎಂದು ಬರೆಯಬೇಕಾದ ಜಾಗದಲ್ಲಿ ಗೊತ್ತಿರುವಂತೆ ಒಂದು ಪದ ಬರೆದು, ಆ ಪದವನ್ನೇ ಮುಂದೆ ಇತಿಹಾಸ ಮಾಡಿದರು. ಹಂಗಾಮು ಮುಗಿದ ಮೇಲೆ ನಡೆದ ಸಭೆಯಲ್ಲಿ, ಆಡಳಿತ ಮಂಡಳಿಯ ಮುಂಜಾಗ್ರತೆಯಿಂದ ರೋಗ ಹತೋಟಿಗೆ ಬಂತು, ತಡವಾಗಿ ಬಂದ ಕೂಲಿಕಾರರನ್ನು ಮಾತ್ರ ಉಳಿಸಲಾಗಲಿಲ್ಲ ಎಂದು ಅಧ್ಯಕ್ಷರು ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಹೇಳಬೇಕಾದ್ದನ್ನು ಹೇಳಿದೆ. ಮುಂದಿನ ಹಂಗಾಮಿಗೆ ನನಗೆ ಅಲ್ಲಿ ಕೆಲಸ ಇರಲಿಲ್ಲ. ಸಭೆಯ ಮಾತು ಉಳಿಯಿತು. ಈಗಲೂ ಬಸ್ಸಿನಲ್ಲಿ ಪಕ್ಕದವರು ಅದನ್ನೇ ನನಗೆ ಹೇಳುತ್ತಾರೆ.

ಆ ಹಂಗಾಮಿನಲ್ಲಿ ನಡೆದದ್ದನ್ನು ಸರಿಯಾಗಿ ಹೇಳಿದವಳು ಜಗಳೂರಿನ ಆ ಹೆಂಗಸು ಒಬ್ಬಳೇ, ಅದೂ ಸಭೆಗಿಂತ ಬಹಳ ಮೊದಲು, ಅವಳು ಆಸ್ಪತ್ರೆ ಬಿಟ್ಟ ದಿನ. ವಾಸಿಯಾಗಿ ಹೊರಟವರಿಗೆ ಅಧ್ಯಕ್ಷರು ತಾವೇ ಬಂದು ತಾಂಬೂಲ ಕೊಟ್ಟು ಕಳಿಸುವುದು ಆಸ್ಪತ್ರೆಯ ಪದ್ಧತಿ. ಅಂದೂ ಬಂದರು. ಜಗುಲಿಯಲ್ಲಿದ್ದ ಹಿತ್ತಾಳೆ ತಟ್ಟೆಯನ್ನು ಎತ್ತಿ, ಎರಡು ಎಲೆ, ಎರಡು ಅಡಿಕೆ ಮೇಲಿಟ್ಟು, ಅವಳ ಮುಂದೆ ಹಿಡಿದರು. ಅವಳ ಗಂಟು ಅಜ್ಜಿಯ ತಲೆಯ ಮೇಲಿತ್ತು.

"ತಗಳಮ್ಮ. ತಿನ್ನದಿದ್ರೂ ಸೆರಗಿಗೆ ಕಟ್ಕ," ಎಂದರು.

ಅವಳು ಕೈ ಮುಗಿದಳು, ಕೈ ಚಾಚಲಿಲ್ಲ.

"ಬ್ಯಾಡ್ರೀ ಸಾವ್ಕಾರ್ರೆ. ನಾನೂ ಇದನ್ನ ತಿನ್ನೋಳಾಗಿದ್ರೆ ಸತ್ತು ಹೋಗಿ, ನನ್ನ ಮಂಚದಾಗೆ ಯಾವತ್ತೋ ಬ್ಯಾರೆ ಯಾರೋ ಮಲಗಿರೋರು." ಮೆಟ್ಟಿಲು ಇಳಿದು, ತಿರುಗಿ, ಪರದೆಯ ಆಚೆಗಿದ್ದ ಗಂಡಸರ ಸಾಲಿನ ಕಡೆ ನೋಡಿದಳು. "ಪಾಪ, ಆ ಗಾಡಿ ಅಣ್ಣ ನೀವು ಕೊಟ್ಟಿದ್ದನ್ನ ಒಂದಿನಾನೂ ಬ್ಯಾಡ ಅನ್ನಲಿಲ್ಲ."

ಅವರಿಬ್ಬರೂ ಬಸ್ಸಿನ ಕಡೆ ನಡೆದರು. ಅಧ್ಯಕ್ಷರು ತಟ್ಟೆ ಹಿಡಿದುಕೊಂಡು ಜಗುಲಿಯ ಮೇಲೆ ನಿಂತೇ ಇದ್ದರು. ಇತ್ತ ಕೊಡಿ ಎಂದು ನಾನು ಕೈ ಚಾಚಲಿಲ್ಲ.